ಬೀದಿಯ ಲೆಕ್ಕ ಮಾಡುವ ಕಂಪ್ಯೂಟರ್



ಪುತ್ತೂರಿನ ಸೋಮವಾರದ ಸಂತೆಯ ರಶ್ಶು ನಿಮಗೆಲ್ಲ ಗೊತ್ತುಂಟು. ಅಲ್ಲಿ ಎಷ್ಟು ಜನ ನಡೆದರು, ಎಷ್ಟು ಜನ ನಿಂತು ಮಾತಾಡಿದರು ಎಂದು ಕೇಳಿದರೆ ಎಂತ ಹೇಳುವುದು? ಒಬ್ಬರು ನಿಂತು ಎಣಿಸಿ ಮುಗಿಯುವ ಲೆಕ್ಕ ಅಲ್ಲ ಅದು. ಈಗ ಇಂಥ ಲೆಕ್ಕವನ್ನು ಕ್ಯಾಮರಾ ಮತ್ತು ಕಂಪ್ಯೂಟರ್ ಸೇರಿ ಮಾಡುತ್ತವೆ. ಇದಕ್ಕೆ ‘ಕಂಪ್ಯೂಟರ್ ದೃಷ್ಟಿ’ ಎನ್ನುತ್ತಾರೆ. ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕಂಪ್ಯೂಟರ್ ನೋಡುವುದು ಹೇಗೆ?

ವೀಡಿಯೋ ಎಂದರೆ ಸೆಕೆಂಡಿಗೆ ಸುಮಾರು 25 ಚಿತ್ರಗಳು. ಚಿತ್ರದ ಒಂದೊಂದು ಚುಕ್ಕೆಯೂ ಕಂಪ್ಯೂಟರಿಗೆ ಬರೀ ಸಂಖ್ಯೆ. ಮೊದಲು ನಾವೇ ಸಾವಿರಾರು ಚಿತ್ರಗಳಲ್ಲಿ ಗೆರೆ ಎಳೆದು “ಇದು ಮನುಷ್ಯ, ಇದು ಬಸ್ಸು” ಎಂದು ಗುರುತು ಮಾಡಿ ಕೊಡಬೇಕು. ಅದರಿಂದ ಅದು ಕಲಿಯುತ್ತದೆ. ಆಮೇಲೆ ಹೊಸ ಚಿತ್ರದಲ್ಲಿ ಮನುಷ್ಯ ಕಂಡಲ್ಲಿ ಒಂದು ಚೌಕ ಹಾಕುತ್ತದೆ. ಆ ಚೌಕ ಚಿತ್ರದಿಂದ ಚಿತ್ರಕ್ಕೆ ಎಲ್ಲಿಗೆ ಸರಿಯಿತು ಎಂದು ಜೋಡಿಸಿದರೆ ನಡೆದ ದಾರಿ ಸಿಗುತ್ತದೆ. ವೇಗದ ಲೆಕ್ಕ ನಾವು ಕಲಿತದ್ದೇ: 10 ಮೀಟರ್ ನಡೆಯಲು 8 ಸೆಕೆಂಡ್ ಬೇಕಾದರೆ ವೇಗ ಸೆಕೆಂಡಿಗೆ 1.25 ಮೀಟರ್.

ಇದರಿಂದ ಏನು ಪ್ರಯೋಜನ?

1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ಅಮೆರಿಕದ ನ್ಯೂಯಾರ್ಕ್‌ನಲ್ಲಿ ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಫಿಲ್ಮ್ ತೆಗೆದು ಕೈಯಲ್ಲೇ ಎಣಿಸಿದರು. ಅದರ ಫಲವಾಗಿ 1975ರಲ್ಲಿ ಆ ನಗರ ನಿಯಮ ಬದಲಿಸಿತು. ದೊಡ್ಡ ಕಟ್ಟಡಗಳ ಮುಂದಿನ ಬಯಲಿನಲ್ಲಿ ಕೂರುವ ಜಾಗ ಇರಲೇಬೇಕು ಎಂದಾಯಿತು. ವೈಟ್ ಅವರ ಹಳೆಯ ಫಿಲ್ಮ್‌ಗಳನ್ನೂ 2010ರ ಹೊತ್ತಿನ ವೀಡಿಯೋಗಳನ್ನೂ ಸಂಶೋಧಕರು ಕಂಪ್ಯೂಟರಿಗೆ ತೋರಿಸಿ ಹೋಲಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನಡಿಗೆಯ ವೇಗ ಶೇಕಡಾ 15 ಹೆಚ್ಚಿದೆ, ನಿಂತು ಹೊತ್ತು ಕಳೆಯುವವರು ಶೇಕಡಾ 14 ಕಡಿಮೆಯಾಗಿದ್ದಾರೆ.

ಕಲಿಸದ್ದು ಕಾಣುವುದಿಲ್ಲ

ಜರ್ಮನಿ ಮತ್ತು ಅಕ್ಕಪಕ್ಕದ 50 ಊರುಗಳ ಬೀದಿಚಿತ್ರಗಳ ಒಂದು ಸಂಗ್ರಹ 2016ರಲ್ಲಿ ಬಂತು. ಅದರಿಂದ ಕಲಿತ ಕಂಪ್ಯೂಟರಿಗೆ ನಮ್ಮ ಆಟೋರಿಕ್ಷಾ ಎಂದರೆ ಎಂತ ಅಂತಲೇ ಗೊತ್ತಿಲ್ಲ! ಅದಕ್ಕಾಗಿ ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ರಸ್ತೆಗಳ ಸುಮಾರು 10,000 ಚಿತ್ರಗಳಲ್ಲಿ 34 ಬಗೆಯ ಗುರುತು ಮಾಡಿಸಿದರು. ಅದರಲ್ಲಿ ಆಟೋವೂ ಉಂಟು, ದನಗಳಂಥ ಪ್ರಾಣಿಗಳೂ ಉಂಟು.

ಇನ್ನು ನಮ್ಮ ಕಡೆಯದನ್ನು ಯೋಚಿಸಿ. ಜೂನ್ ಜುಲೈ ಮಳೆಗೆ ಮೇಲಿನಿಂದ ನೋಡಿದರೆ ಜನ ಎಲ್ಲಿ, ಬರೀ ಕೊಡೆ! ಅಡಿಕೆ ಮೂಟೆ ಹೊತ್ತವರನ್ನು ಅದು ಮೂಟೆ ಎಂದೀತೋ, ಮನುಷ್ಯ ಎಂದೀತೋ? ಮಾಣಿ–ಮೈಸೂರು ಹೆದ್ದಾರಿ ಸುಳ್ಯ ಪೇಟೆಯ ನಡುವೆಯೇ ಹೋಗುತ್ತದೆ. ಅಲ್ಲಿ ವಾಹನ ಎಣಿಸುವುದು ಸುಲಭ. ಆದರೆ ಬ್ಯಾಗು ಹಾಕಿಕೊಂಡು ರಸ್ತೆ ದಾಟುವ ಮಕ್ಕಳನ್ನು ಎಣಿಸದಿದ್ದರೆ ರಸ್ತೆ ಬರೀ ವಾಹನಕ್ಕೇ ಆಗಿಬಿಡುತ್ತದೆ. ಎಣಿಕೆಗೆ ಸಿಗದವರಿಗೆ ಜಾಗವೂ ಸಿಗುವುದಿಲ್ಲ.

ಇನ್ನೊಂದು ಮಾತು. ಕಡಬ ಪೇಟೆಯಲ್ಲಿ ಒಬ್ಬ ಅಜ್ಜಿ ಅರ್ಧ ಗಂಟೆ ನಿಂತರೆ ಕಂಪ್ಯೂಟರ್ ‘ನಿಂತರು’ ಎಂದಷ್ಟೇ ಬರೆದೀತು. ಬಸ್ಸಿಗಾಗಿಯೋ, ಕೂರಲು ಜಾಗ ಇಲ್ಲದೆಯೋ ಎಂದು ತಿಳಿಯಬೇಕಾದರೆ “ಅಜ್ಜಿ, ಯಾಕೆ ನಿಂತಿದ್ದೀರಿ?” ಎಂದು ನಾವೇ ಕೇಳಬೇಕು.

ನೀವೂ ಮಾಡಿ ನೋಡಿ: ನಮ್ಮ ಶಾಲೆಯ ಹತ್ತಿರದ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ರಸ್ತೆಯಿಂದ ದೂರ ಕೂತು, ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಹಾಕಿ. ನಡೆದವರು, ನಿಂತವರು, ಕೂತವರು, ರಸ್ತೆ ದಾಟಿದವರು. ಹೆಸರು ಬರೆಯುವುದು ಬೇಡ, ಗೀಟು ಹಾಕಿದರೆ ಸಾಕು. ಲೆಕ್ಕವನ್ನು ಈ ಪತ್ರಿಕೆಗೆ ಕೊಡಿ. ಬೆಂಚು ಬೇಕು ಎಂದು ಪಂಚಾಯತಿಗೆ ಅರ್ಜಿ ಬರೆಯುವಾಗ ಅದನ್ನೇ ಜೊತೆಗಿಡಬಹುದು.