ಮರುತ್‌ಗೆ ಬಲವಾದ ಎಂಜಿನ್ ಸಿಕ್ಕಿದ್ದರೆ?

ಮಕ್ಕಳೇ, ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ನೀವು ಯುದ್ಧವಿಮಾನದ ಚಿತ್ರ ಬರೆದಿದ್ದೀರಾ? ಶಾಲೆಯೊಂದಕ್ಕೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಆರು ಎಂಜಿನ್‌ಗಳ ವಿಮಾನ ಬರೆದು ತೋರಿಸಿದ. “ಸರ್, ಇದು ಎಲ್ಲಕ್ಕಿಂತ ಜೋರಾಗಿ ಹೋಗುತ್ತೆ” ಎಂದ. “ಸರಿ, ಆರಕ್ಕೂ ಬೇಕಾಗುವ ಇಂಧನ ಎಲ್ಲಿಡುತ್ತೀಯ?” ಎಂದೆ. ಸ್ವಲ್ಪ ಯೋಚಿಸಿ, ರಬ್ಬರ್ ಕೈಗೆತ್ತಿಕೊಂಡ.

‘ಇತಿಹಾಸದಲ್ಲಿ ಹೀಗಾಗುವ ಬದಲು ಹಾಗಾಗಿದ್ದರೆ?’ ಎಂದು ಕೇಳಿಕೊಂಡು, ಆಗ ಹುಟ್ಟಬಹುದಾಗಿದ್ದ ವಿಮಾನವನ್ನು ಅಳತೆ ಸಮೇತ ಬರೆಯುವ ಹವ್ಯಾಸ ದೊಡ್ಡವರಲ್ಲೂ ಇದೆ. ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ಬದಲಿಸಬಹುದು. ನಿಸರ್ಗದ ನಿಯಮಗಳನ್ನು ಬದಲಿಸುವಂತಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ವಿಮಾನವೊಂದನ್ನು ತೆಗೆದುಕೊಂಡು ಪ್ರಯತ್ನಿಸೋಣ.

ನಡೆದದ್ದೇನು?

ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಅವರು ಮತ್ತು ಭಾರತೀಯ ಎಂಜಿನಿಯರುಗಳು ಸೇರಿ ಎಚ್.ಎಫ್.-24 ‘ಮರುತ್’ ವಿಮಾನವನ್ನು ರೂಪಿಸಿದರು. 1959ರಲ್ಲಿ ಮೊದಲು ಅದೇ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ವಾಯುಪಡೆಯ ಪೈಲಟ್ ಸುರಂಜನ್ ದಾಸ್ ಮೊದಲ ಮರುತ್ ವಿಮಾನವನ್ನು ಹಾರಿಸಿದರು.

ಶಬ್ದದ ವೇಗದ ಎರಡರಷ್ಟು ವೇಗ ಪಡೆಯುವುದು ಗುರಿಯಾಗಿತ್ತು. ಆದರೆ ಅದಕ್ಕೆಂದು ಆರಿಸಿದ್ದ ಬ್ರಿಟನ್ನಿನ ‘ಆರ್ಫಿಯಸ್ 12’ ಎಂಜಿನ್‌ನ ಅಭಿವೃದ್ಧಿ ಅರ್ಧಕ್ಕೇ ನಿಂತಿತು. ಅದನ್ನು ಪೂರ್ಣಗೊಳಿಸುವ ವೆಚ್ಚ ಭರಿಸಲು ಭಾರತವೂ ಮುಂದಾಗಲಿಲ್ಲ. ಕಡಿಮೆ ಬಲದ ‘ಆರ್ಫಿಯಸ್ 703’ ಎಂಜಿನ್‌ಗಳನ್ನೇ ಕೂಡಿಸಬೇಕಾಯಿತು. ಮರುತ್‌ನ ವೇಗ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಆದರೂ ಅದು 1971ರ ಯುದ್ಧದಲ್ಲಿ ಕೆಲಸ ಮಾಡಿತು.

ಲೆಕ್ಕ ಮಾಡೋಣ

ಮರುತ್‌ನ ತೂಕ ಸುಮಾರು 9,000 ಕಿಲೋ ಎಂದಿಟ್ಟುಕೊಳ್ಳಿ. 703 ಎಂಜಿನ್‌ ಒಂದರ ನೂಕುಬಲ ಸುಮಾರು 2,200 ಕಿಲೋ. ಎರಡು ಸೇರಿ 4,400. ಅಂದರೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಕಿಲೋಗಿಂತ ತುಸು ಕಡಿಮೆ ನೂಕು. ಆರ್ಫಿಯಸ್ 12ರ ನೂಕುಬಲ, ಮರುದಹನ ಸೇರಿ, ಸುಮಾರು 3,700 ಕಿಲೋ. ಎರಡು ಸೇರಿ 7,400. ಈಗ ಪ್ರತಿ ಕಿಲೋಗೆ ಎಷ್ಟು? ನೀವೇ ಭಾಗಿಸಿ ನೋಡಿ.

ಎಂಜಿನ್‌ನಿಂದ ಹೊರಬರುವ ಬಿಸಿ ಅನಿಲಕ್ಕೆ ಇನ್ನಷ್ಟು ಇಂಧನ ಸಿಂಪಡಿಸಿ ಉರಿಸುವುದೇ ಮರುದಹನ. ಇದರಿಂದ ನೂಕು ಹೆಚ್ಚುತ್ತದೆ. ಆದರೆ ಇಂಧನ ಬೇಗ ಖಾಲಿಯಾಗುತ್ತದೆ. ಹೆಚ್ಚು ಗಾಳಿ ಬೇಕಾದರೆ ಪಕ್ಕದ ಗಾಳಿಬಾಯಿ ಅಗಲವಾಗಬೇಕು. ಹಿಂಭಾಗ ದಪ್ಪವಾದರೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದನ್ನು ಬದಲಿಸಿದರೆ ಉಳಿದವೂ ಬದಲಾಗುತ್ತವೆ.

ಮಾಡಿ ನೋಡಿ

1. ಮರುತ್‌ನ ಉದ್ದ ಸುಮಾರು 16 ಮೀಟರ್, ರೆಕ್ಕೆಗಳ ತುದಿಯಿಂದ ತುದಿಗೆ 9 ಮೀಟರ್. 1 ಮೀಟರಿಗೆ 1 ಸೆಂಟಿಮೀಟರ್ ಪ್ರಮಾಣದಲ್ಲಿ ಮೇಲಿನ ನೋಟ ಮತ್ತು ಪಕ್ಕದ ನೋಟ ಬರೆಯಿರಿ. ರೆಕ್ಕೆಗಳು ಹಿಂದಕ್ಕೆ ಓರೆಯಾಗಿರಲಿ.

2. ಎಣ್ಣೆ ಸವರಿದ ತೆಳು ಕಾಗದವನ್ನು ಅದರ ಮೇಲಿಟ್ಟು, ಹೊಸ ಎಂಜಿನ್‌ಗಾಗಿ ಮಾಡಿದ ಬದಲಾವಣೆಗಳನ್ನು ಮಾತ್ರ ಬಣ್ಣದ ಪೆನ್ಸಿಲ್‌ನಲ್ಲಿ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲೂ ‘ಏಕೆ’ ಎಂದು ಒಂದು ಸಾಲು ಬರೆಯಿರಿ.

3. ಕಾಗದದ ವಿಮಾನದ ಮೂತಿಗೆ ಜೆಮ್ ಕ್ಲಿಪ್ ಸಿಕ್ಕಿಸಿ ಹಾರಿಸಿ. ನಂತರ ಅದನ್ನೇ ಬಾಲಕ್ಕೆ ಸಿಕ್ಕಿಸಿ ಹಾರಿಸಿ. ಬಾಲ ಭಾರವಾದರೆ ಮೂತಿ ಮೇಲೆದ್ದು, ವಿಮಾನ ತಡವರಿಸಿ ಬೀಳುತ್ತದೆ. ಮರುತ್‌ನ ಎಂಜಿನ್‌ಗಳಿರುವುದು ಹಿಂಭಾಗದಲ್ಲಿ. ಭಾರವಾದ ಎಂಜಿನ್ ಇಟ್ಟರೆ ತೂಕ ಸರಿದೂಗಿಸಲು ಏನು ಮಾಡುತ್ತೀರಿ?

ಒಂದು ಮಾತು ನೆನಪಿರಲಿ. ಕಾಗದದ ಮೇಲೆ ತಪ್ಪಾದರೆ ರಬ್ಬರ್ ಇದೆ. ಮರುದಹನ ಅಳವಡಿಸಿದ ಮರುತ್‌ ವಿಮಾನವನ್ನು ಪರೀಕ್ಷಿಸುವಾಗ, 1970ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ಅದು ಅಪಘಾತಕ್ಕೀಡಾಗಿ ಸುರಂಜನ್ ದಾಸ್ ತೀರಿಕೊಂಡರು. ಎಚ್.ಎ.ಎಲ್. ಬಳಿಯ ರಸ್ತೆಯೊಂದಕ್ಕೆ ಅವರ ಹೆಸರಿದೆ. ಬೆಂಗಳೂರಿಗೆ ಪ್ರವಾಸ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮರುತ್ ವಿಮಾನವನ್ನು ನೋಡಿ ಬನ್ನಿ. ನಿಮ್ಮ ಚಿತ್ರವೂ ಜೊತೆಗಿರಲಿ, ಹೋಲಿಸಲು.