ಬೆಕ್ಕಿಗೆ ನಮ್ಮ ಮಾತ್ರೆ ಬೇಡ

ಪಕ್ಕದ ಮನೆ ಅಕ್ಕನ ಬೆಕ್ಕು ಕುಂಟುತ್ತಾ ಬಂತು. ಹಿಂಗಾಲು ಊದಿತ್ತು. ಮುಟ್ಟಿದರೆ ಬಿಸಿ. ಅಕ್ಕ ಡಬ್ಬಿಯಿಂದ ಜ್ವರದ ಮಾತ್ರೆ ತೆಗೆದರು.

"ಅರ್ಧ ಚೂರು ಕೊಡ್ತೀನಿ ಟೀಚರ್. ನನ್ನ ಮಂಡಿ ನೋವಿಗೂ ಇದೇ ಅಲ್ವಾ?"

"ಬೇಡ ಅಕ್ಕಾ! ಅದು ಬೆಕ್ಕಿಗೆ ವಿಷ" ಅಂದೆ.

ಆ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಇದೆ. ನಮ್ಮ ಲಿವರ್ ಅದನ್ನು ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿಗೆ ಅಷ್ಟು ಶಕ್ತಿ ಇಲ್ಲ. ಔಷಧಿ ಮೈಯಲ್ಲೇ ಉಳಿದು ರಕ್ತ ಕೆಡಿಸುತ್ತದೆ. ಒಸಡು ಕಂದು ಇಲ್ಲವೇ ನೀಲಿ ಆಗುತ್ತದೆ. ಮುಖ, ಪಾದ ಊದುತ್ತವೆ. ಏದುಸಿರು ಬರುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಗೊತ್ತಿಲ್ಲದೆ ತಿನ್ನಿಸಿದ್ದೀರಾ? ಕಾಯಬೇಡಿ. ಮಾತ್ರೆಯ ಕವರ್ ಸಮೇತ ಪಶು ಆಸ್ಪತ್ರೆಗೆ ಓಡಿ. ಬೇಗ ಹೋದರೆ ಮದ್ದು ಉಂಟು.

ನಾವೂ ಆಸ್ಪತ್ರೆಗೆ ಹೋದೆವು. ಇನ್ನೊಂದು ಬೆಕ್ಕು ಕಚ್ಚಿ ಕೀವು ತುಂಬಿತ್ತು. ಡಾಕ್ಟರು ಕೀವು ತೆಗೆದರು. ಬೆಕ್ಕನ್ನು ತೂಕ ಮಾಡಿ ಮೆಲಾಕ್ಸಿಕಾಮ್ ಕೊಟ್ಟರು. ಇದು ಊತ, ನೋವು ಇಳಿಸುತ್ತದೆ. ಆದರೆ ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಅದಕ್ಕೇ ತೂಕ ನೋಡುವುದು.

ಔಷಧಿ ಹಿಡಿಯಿತೋ ಇಲ್ಲವೋ? ಬೆಕ್ಕು ಬಾಯಿಬಿಟ್ಟು ಹೇಳೋಲ್ಲ. ನಾವೇ ನೋಡಬೇಕು. ಊಟ ಮಾಡುತ್ತಾ? ಮೈ ನೆಕ್ಕಿಕೊಳ್ಳುತ್ತಾ? ಎತ್ತರಕ್ಕೆ ಹಾರುತ್ತಾ? ಮೂಲೆಯಲ್ಲಿ ಮುದುಡಿ ಕೂತರೆ ನೋವು ಹೋಗಿಲ್ಲ. ವಾಂತಿ ಆದರೆ, ಊಟ ಬಿಟ್ಟರೆ ಔಷಧಿ ನಿಲ್ಲಿಸಿ. ಡಾಕ್ಟರಿಗೆ ತೋರಿಸಿ.

ಅಕ್ಕ ದಿನಾ ಕ್ಯಾಲೆಂಡರಿನಲ್ಲಿ ಬರೆದರು. ಅಕ್ಷರ ಸೊಟ್ಟ ಇದ್ದರೇನು, ಡಾಕ್ಟರು ಓದಿದರು.

ಸೋಮವಾರ: ಮೂಸಿತು, ತಿನ್ನಲಿಲ್ಲ.
ಮಂಗಳವಾರ: ಅನ್ನ ತಿಂತು.
ಬುಧವಾರ: ಒಲೆ ಕಟ್ಟೆ ಹತ್ತಿತು. ಬೈದೆ.