ತವರಿಗೆ ಬರುವ ಹಕ್ಕಿಗಳು

ನಾವು ಹೆಣ್ಣುಮಕ್ಕಳು ಹೆರಿಗೆಗೆ ಎಲ್ಲಿಗೆ ಹೋಗುತ್ತೇವೆ? ತವರಿಗೆ. ಹಕ್ಕಿಗಳಿಗೂ ಒಂದು ತವರೂರು ಇದೆ, ಗೊತ್ತೇ? ಅದೇ ಕೊಕ್ಕರೆ ಬೆಳ್ಳೂರು.

ಈ ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಹತ್ತಿರದಲ್ಲೇ ಶಿಂಷಾ ನದಿ ಹರಿಯುತ್ತದೆ. ಸುತ್ತಮುತ್ತ ಹಲವು ಕೆರೆಗಳಿವೆ. ಊರೊಳಗೆ ಹುಣಸೆ ಮರಗಳಿವೆ. ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಮನೆ ಮುಂದಿನ ಮರದಲ್ಲೇ ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಮಳೆಗಾಲದ ಹೊತ್ತಿಗೆ ಮರಿಗಳ ಜೊತೆ ಹಾರಿ ಹೋಗುತ್ತವೆ.

ಇವುಗಳಲ್ಲಿ ಎರಡು ಹಕ್ಕಿ ಮುಖ್ಯ. ಒಂದು ಹೆಜ್ಜಾರ್ಲೆ. ಇದರ ಉದ್ದ ಕೊಕ್ಕಿನ ಕೆಳಗೆ ಚರ್ಮದ ಚೀಲ ಇದೆ. ಮೀನು ಹಿಡಿಯಲು ಅದೇ ಬಲೆ. ಮರಿಗಳಿಗೆ ಅದೇ ಊಟದ ತಟ್ಟೆ. ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ನೋಡಲು ಬಲು ಚೆಂದ.

ಹಿಂದೆ ಪ್ಲೇಗು ಬಂದಾಗ ಜನ ಹಳೇ ಊರು ಬಿಟ್ಟರಂತೆ. ಹಕ್ಕಿಗಳೂ ಅವರ ಹಿಂದೆಯೇ ಬಂದವು ಅಂತಾರೆ ಹಿರಿಯರು. ಊರವರು ಈ ಹಕ್ಕಿಗಳನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆ. ಗೂಡಿರುವ ಮರದ ಹುಣಸೆಹಣ್ಣಿನ ಆಸೆ ಬಿಡುತ್ತಾರೆ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಕೊಟ್ಟು ಸಾಕಿದವರೂ ಇಲ್ಲಿದ್ದಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅಂದರೆ ಜನರೇ ಕೂಡಿ ಕಾಯುವ ಜಾಗ.

ಮರ ಇದ್ದರೆ ಸಾಕೇ? ಸಾಲದು. ಗೂಡು ಮರದಲ್ಲಿದೆ, ಊಟ ಕೆರೆಯಲ್ಲಿದೆ. 2017ರ ಕೊನೆಯಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದವು. 2018ರಲ್ಲೂ ಸತ್ತವು. ಪರೀಕ್ಷೆ ಮಾಡಿದಾಗ ಅವುಗಳ ಹೊಟ್ಟೆಯಲ್ಲಿ ಹುಳು ಸಿಕ್ಕವು. ಮೀನು ತಿಂದಾಗ ಆ ಹುಳು ಹಕ್ಕಿಯ ಹೊಟ್ಟೆ ಸೇರುತ್ತದೆ. ಕೆರೆಗಳ ನೀರು ಕೆಡುತ್ತಿದೆ ಎಂಬ ಆತಂಕ ಆಗ ಹೆಚ್ಚಿತು. ತವರಿನಲ್ಲಿ ಪ್ರೀತಿ ಇತ್ತು. ಆದರೆ ಅನ್ನವೇ ಕೆಟ್ಟಿತ್ತು.

ನಮ್ಮೂರ ಕೆರೆ ಹೇಗಿದೆ? ಚರಂಡಿ ನೀರು ಅದಕ್ಕೇ ಹೋಗುತ್ತಿದೆಯೇ? ಔಷಧಿಯ ಖಾಲಿ ಡಬ್ಬ, ಪ್ಲಾಸ್ಟಿಕ್ ಚೀಲ ಅದರಲ್ಲೇ ತೇಲುತ್ತಿವೆಯೇ? ಆ ನೀರನ್ನೇ ನಮ್ಮ ದನಕರು ಕುಡಿಯುತ್ತವೆ. ಆ ಮೀನನ್ನೇ ನಾವೂ ತಿನ್ನುತ್ತೇವೆ. ಹಕ್ಕಿಗೆ ಬಂದ ಕಷ್ಟ ನಮಗೆ ದೂರವಿಲ್ಲ.

ಬನ್ನಿ, ಗ್ರಾಮಸಭೆಯಲ್ಲಿ ಕೆರೆಯ ಮಾತು ಎತ್ತೋಣ. ಅರ್ಜಿ ಬರೆಯಲು ಬೇರೆಯವರನ್ನು ಹುಡುಕಬೇಕಿಲ್ಲ. ಈಗ ನಮಗೇ ಬರೆಯಲು ಬರುತ್ತದೆ.

ಓದಿ, ಉತ್ತರ ಹೇಳಿ
1. ಹೆಜ್ಜಾರ್ಲೆ ಮೀನು ಹಿಡಿಯುವುದು ಹೇಗೆ?
2. ಹಕ್ಕಿಗಳಿಂದ ಊರಿಗೆ ಏನು ಲಾಭ?
3. ಕೆರೆ ಕೆಟ್ಟರೆ ಯಾರಿಗೆಲ್ಲ ತೊಂದರೆ?

ಬರೆಯಿರಿ
ನಿಮ್ಮೂರ ಕೆರೆಯ ಹೆಸರು: ..................
ಅಲ್ಲಿಗೆ ಬರುವ ಎರಡು ಹಕ್ಕಿಗಳ ಹೆಸರು: ..................